ಸಹ್ಯಾದ್ರಿಯ ಘಟ್ಟದಾರಿಗಳು: ಥಾಣೆ–ರಾಯಗಡ ಸೀಮೆಯಲ್ಲಿ ಮಾರ್ಗ ಬದಲಾವಣೆ ಮತ್ತು ದಾರಿಯ ಸ್ಥಿತಿ

ಕೊಂಕಣದ ತಗ್ಗುನೆಲದಿಂದ ಸಹ್ಯಾದ್ರಿಯ ಕಡಿದಾದ ಗೋಡೆಯನ್ನೇರಿ ದಖ್ಖನ್ ಪ್ರಸ್ಥಭೂಮಿಯನ್ನು ಮುಟ್ಟುವ ಕಾಲುದಾರಿಗಳೇ ಘಟ್ಟದಾರಿಗಳು. ಕಲ್ಯಾಣದಿಂದ ಮುರಬಾಡದ ಮೇಲೆ ಹಾದು ನಾಣೇಘಾಟ್ ಹತ್ತಿ ಜುನ್ನರ ಸೇರುವ ದಾರಿ, ಕರ್ಜತ್ ಕಡೆಯ ಖಾಂಡಸ್ ಹಳ್ಳಿಯಿಂದ ಭೀಮಾಶಂಕರಕ್ಕೆ ಹೋಗುವ ದಾರಿ, ಕೊಂಡಿವಡೆಯಿಂದ ರಾಜಮಾಚಿಗೆ ಏರುವ ದಾರಿ, ಪನ್ವೇಲ್ ಸುತ್ತಿನಿಂದ ಪ್ರಬಲಗಡ, ಕಲಾವಂತಿಣ ದುರ್ಗ ಮತ್ತು ಮಾಥೇರಾನ್‌ಗೆ ಹೋಗುವ ದಾರಿಗಳು ಈ ಸೀಮೆಯಲ್ಲಿ ಮುಖ್ಯವಾದವು. ಒಂದು ಕಾಲದಲ್ಲಿ ಹೇರೆತ್ತುಗಳ, ಯಾತ್ರಿಕರ, ಸೈನ್ಯಗಳ ದಾರಿಗಳಾಗಿದ್ದ ಇವು ಇಂದು ಬಹುಮಟ್ಟಿಗೆ ಚಾರಣಿಗರ ದಾರಿಗಳು. ನೆರೂಳ, ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದವರಿಗೆ ಲೋಕಲ್ ರೈಲು, ಎಸ್‌.ಟಿ. ಬಸ್ಸುಗಳಲ್ಲಿ ಬೆಳಗಿನೊಳಗೆ ತಲುಪಬಹುದಾದಷ್ಟು ಹತ್ತಿರ ಇವುಗಳ ಬುಡವಿದೆ. ಈ ದಾರಿಗಳ ಚರಿತ್ರೆಯನ್ನೂ ಇಂದಿನ ಸ್ಥಿತಿಯನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಘಟ್ಟದಾರಿಗೆ ಬದಲಾವಣೆ ಸಹಜ. ಅದು ಉಳಿಯುವುದೂ ಅಳಿಯುವುದೂ ಬೆಟ್ಟಕ್ಕಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳುವವರು ಇದ್ದಾರೆಯೇ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಆಡಳಿತ ಮೊದಲು ಮಾಡಬೇಕಾದ ಕೆಲಸ ದಾರಿಗಳ ಸ್ಥಿತಿಯನ್ನು ವರ್ಷವರ್ಷವೂ ದಾಖಲಿಸಿ ಸಾರುವುದು. ಮುಚ್ಚುವ ಪ್ರಶ್ನೆ ಅದರ ನಂತರದ್ದು.

ಭೂರಚನೆ

ಈ ಭಾಗದ ಸಹ್ಯಾದ್ರಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿ ಆದ ಬಸಾಲ್ಟ್ ಕಲ್ಲಿನದು. ಎಲ್ಲ ಪದರಗಳೂ ಒಂದೇ ಗಟ್ಟಿಯಲ್ಲ. ಗಟ್ಟಿ ಪದರ ನೆಟ್ಟಗೆ ಸೀಳಿಕೊಂಡು ಕಡಿದಾದ ಬಂಡೆಗೋಡೆಯಾಗುತ್ತದೆ. ಅದನ್ನು ಇಲ್ಲಿ ಕಡಾ ಎನ್ನುತ್ತಾರೆ. ಮೆತ್ತನೆಯ ಪದರ ಬೇಗ ಸವೆದು ಇಳಿಜಾರು ಜಗಲಿಯಾಗುತ್ತದೆ. ಕೋಟೆಗಳ ಬುಡದ ಅಂಥ ಜಗಲಿಗಳಿಗೆ ಮಾಚಿ ಎಂದು ಹೆಸರು. ಘಟ್ಟದಾರಿ ಜಗಲಿಯಿಂದ ಜಗಲಿಗೆ ಏರಬೇಕಾದರೆ ನಡುವಿನ ಬಂಡೆಗೋಡೆಯಲ್ಲಿ ಎಲ್ಲಾದರೂ ಒಂದು ಸೀಳನ್ನು ಹುಡುಕಲೇಬೇಕು. ಆ ಸೀಳುಗಳನ್ನು ಕೊರೆದದ್ದು ನೀರು. ಅಂದರೆ ಮನುಷ್ಯ ಹತ್ತುವ ದಾರಿಯೂ ಮಳೆಗಾಲದ ಹಳ್ಳ ಇಳಿಯುವ ದಾರಿಯೂ ಬಹಳ ಕಡೆ ಒಂದೇ. ಹರಿಶ್ಚಂದ್ರಗಡಕ್ಕೆ ಮುರಬಾಡ ತಾಲೂಕಿನ ಬೇಲಪಾಡಾ ಕಡೆಯಿಂದ ಹೋಗುವ ‘ನಳೀಚಿ ವಾಟ್’ ಇದಕ್ಕೆ ಎದ್ದುಕಾಣುವ ಉದಾಹರಣೆ. ಅದು ಕೊಂಕಣಕಡಾದ ಪಕ್ಕದ ಕಲ್ಲುಗುಂಡುಗಳ ಕೊರಕಲೊಂದನ್ನೇ ಹಿಡಿದು ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಇಂಥ ಕೊರಕಲಿನಲ್ಲಿ ಕಲ್ಲುಗಳನ್ನು ಸರಿಸುತ್ತದೆ, ಮಣ್ಣನ್ನು ಕೊಚ್ಚುತ್ತದೆ, ಹಳೆಯ ಮೆಟ್ಟಿಲನ್ನು ಎತ್ತಿಹಾಕಿ ಹೊಸದೊಂದು ಜಾರುಬಂಡೆಯನ್ನು ತೆರೆದಿಡುತ್ತದೆ.

ಬದಲಾವಣೆಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಋತುಮಾನದ್ದು: ಬೇಸಗೆಯಲ್ಲಿ ಹಳ್ಳದೊಳಗೇ ಹೋಗುವ ದಾರಿ ಮಳೆಯಲ್ಲಿ ದಂಡೆಯ ಮೇಲಿನ ಕಾಡಿಗೆ ಸರಿಯುತ್ತದೆ, ಮಳೆ ನಿಂತು ಹುಲ್ಲು ಆಳೆತ್ತರ ಬೆಳೆದಾಗ ದಾರಿಯೇ ಕಾಣದಾಗುತ್ತದೆ, ಹುಲ್ಲು ಒಣಗಿದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಎರಡನೆಯದು ಕುಸಿತದಿಂದ ಆಗುವ ಶಾಶ್ವತ ಬದಲಾವಣೆ. ಮೂರನೆಯದು ಮನುಷ್ಯ ಮಾಡುವಂಥದು: ರಸ್ತೆ, ರೈಲು, ಅಣೆಕಟ್ಟು, ಏಣಿ, ಬೇಲಿ ಅಥವಾ ಒಂದು ಸರಕಾರಿ ಆದೇಶ. ಮೊದಲೆರಡನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ, ಆದರೆ ಅವನ್ನು ತಿಳಿದಿಟ್ಟುಕೊಳ್ಳಬಹುದು. ಮೂರನೆಯದು ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ. ಚರ್ಚೆಗಳಲ್ಲಿ ಈ ಮೂರನ್ನೂ ಒಂದೇ ‘ಅಪಾಯ’ದ ಲೆಕ್ಕಕ್ಕೆ ಸೇರಿಸುವುದರಿಂದಲೇ ಪರಿಹಾರವೂ ದಾರಿ ತಪ್ಪುತ್ತದೆ.

ಚರಿತ್ರೆ

ನೋಡಿಕೊಂಡ ದಾರಿ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ನಾಣೇಘಾಟ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶಾತವಾಹನರ ಕಾಲದಲ್ಲಿ ಕಲ್ಯಾಣ ಮತ್ತು ಸೋಪಾರಾ ಬಂದರುಗಳ ಸರಕು ಈ ಘಟ್ಟವನ್ನೇರಿ ಜುನ್ನರಕ್ಕೆ, ಅಲ್ಲಿಂದ ರಾಜಧಾನಿ ಪ್ರತಿಷ್ಠಾನಕ್ಕೆ, ಅಂದರೆ ಇಂದಿನ ಪೈಠಣಕ್ಕೆ ಹೋಗುತ್ತಿತ್ತು. ಗ್ರೀಕ್ ಭಾಷೆಯ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಕಲ್ಯಾಣವನ್ನು ಕಲ್ಲಿಯೇನ ಎಂದು ಹೆಸರಿಸುತ್ತದೆ. ಘಟ್ಟದ ತಲೆಯಲ್ಲಿರುವ ಗುಹೆಯಲ್ಲಿ ಶಾತಕರ್ಣಿಯ ರಾಣಿ ನಾಗನಿಕೆಯದೆನ್ನುವ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಯಜ್ಞಗಳಲ್ಲಿ ಕೊಟ್ಟ ಹಸು, ಕುದುರೆ, ಆನೆ, ಕಾರ್ಷಾಪಣಗಳ ದಕ್ಷಿಣೆಯನ್ನು ಅದು ಎಣಿಸಿ ಹೇಳುವುದರಿಂದ ಭಾರತೀಯ ಅಂಕಿಗಳ ಇತಿಹಾಸಕ್ಕೂ ಅದು ಆಕರ. ಅರಸುಮನೆ ತನ್ನ ವೈಭವವನ್ನು ಊರ ನಡುವೆ ಕೆತ್ತಿಸದೆ ದಾರಿಯ ಬಾಯಲ್ಲಿ ಕೆತ್ತಿಸಿತು. ಆ ದಾರಿಯಲ್ಲಿ ಎಷ್ಟು ಜನ ಓಡಾಡುತ್ತಿದ್ದರು, ಅದು ರಾಜ್ಯಕ್ಕೆ ಎಷ್ಟು ಮುಖ್ಯವಾಗಿತ್ತು ಎಂಬುದನ್ನು ಇದರಿಂದ ಊಹಿಸಬಹುದು. ಸುತ್ತ ಬಂಡೆಯಲ್ಲಿ ಕಡೆದ ನೀರಿನ ತೊಟ್ಟಿಗಳಿವೆ, ಏರಿನಲ್ಲಿ ಕಲ್ಲು ಹಾಸಿದ ಮೆಟ್ಟಿಲುಗಳಿವೆ, ಸುಂಕ ಹಾಕಿಸಿಕೊಳ್ಳುತ್ತಿದ್ದುದೆಂದು ಜನ ತೋರಿಸುವ ದೊಡ್ಡ ಕಲ್ಲಿನ ಹರವಿಯೂ ಇದೆ. ಸುಂಕ, ನೀರು, ಕಲ್ಲುಹಾಸು ಮೂರೂ ಒಂದಕ್ಕೊಂದು ಆಧಾರ. ದಾರಿಯಿಂದ ಬಂದ ಆದಾಯ ದಾರಿಗೆ ಮರಳುತ್ತಿದ್ದ ವ್ಯವಸ್ಥೆ ಅದು. ಮುಂದೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಶಿಲಾಹಾರರು ಉತ್ತರ ಕೊಂಕಣವನ್ನು ಆಳಿದಾಗಲೂ ಕರಾವಳಿಗೂ ಒಳನಾಡಿಗೂ ಕೊಂಡಿಯಾಗಿದ್ದದ್ದು ಇಂಥ ಘಟ್ಟಗಳೇ. ಅಮೋಘವರ್ಷನ ಕಾಲದ ಶಾಸನಗಳು ಮುಂಬಯಿಯ ಕಾನ್ಹೇರಿ ಗುಹೆಗಳಲ್ಲಿ ಸಿಕ್ಕಿವೆ.

ದಾರಿ ಕೈಬಿಟ್ಟುಹೋದ ಕಥೆ 19ನೆಯ ಶತಮಾನದ್ದು. ನಾಣೇಘಾಟ್‌ನ ನೆತ್ತಿಯ ಮೇಲಿರುವ ಜೀವಧನ ಕೋಟೆಯ ಮೆಟ್ಟಿಲುಗಳನ್ನು 1818ರಲ್ಲಿ ಬ್ರಿಟಿಷರು ಸಿಡಿಸಿದರು. ಇಂದಿಗೂ ಆ ಕಡೆಯಿಂದ ಕೋಟೆ ಹತ್ತುವವರಿಗೆ ಅಲ್ಲಿ ಕಡಿದುಹೋದ ಏರು ಎದುರಾಗುತ್ತದೆ. 1830ರಲ್ಲಿ ಗವರ್ನರ್ ಜಾನ್ ಮಾಲ್ಕಮ್ ಬೋರ್ ಘಾಟ್‌ನಲ್ಲಿ ಗಾಡಿ ರಸ್ತೆಯನ್ನು ತೆರೆದನು. ಬೋರ್ ಘಾಟ್ ರೈಲು 1863ರಲ್ಲಿ, ಕಸಾರಾ ಬಳಿಯ ಥಳ್ ಘಾಟ್ ರೈಲು 1865ರಲ್ಲಿ ಓಡತೊಡಗಿದ ಮೇಲೆ ಹೇರೆತ್ತಿನ ಘಟ್ಟಗಳಿಗೆ ಕೆಲಸವೇ ಉಳಿಯಲಿಲ್ಲ. ಕಲ್ಯಾಣದಿಂದ ಅಹಿಲ್ಯಾನಗರದ (ಹಿಂದಿನ ಅಹ್ಮದನಗರದ) ಕಡೆಗೆ ಹೋಗುವ ವಾಹನಗಳು ಈಗ ಮಾಳಶೇಜ್ ಘಾಟ್ ರಸ್ತೆ ಹಿಡಿಯುತ್ತವೆ. ನಾಣೇಘಾಟ್ ಹತ್ತಬೇಕಾದವನು ಅದೇ ಹೆದ್ದಾರಿಯ ಮಗ್ಗುಲಿನ ವೈಶಾಖರೆಯ ಬಳಿ ಇಳಿದು ಕಾಡು ಹೊಗಬೇಕು. ಹೀಗೆ ಎರಡು ಸಾವಿರ ವರ್ಷಗಳ ರಾಜಮಾರ್ಗ ಹೆದ್ದಾರಿಯ ಪಕ್ಕದ ಕವಲಾಯಿತು. ಇದರಲ್ಲಿ ಬೆಟ್ಟದ ಪಾತ್ರ ಏನೂ ಇಲ್ಲ. ಬದಲಾದದ್ದು ಬಳಕೆ, ನಿಂತುಹೋದದ್ದು ಆರೈಕೆ.

1882ರಲ್ಲಿ ಪ್ರಕಟವಾದ ಥಾಣಾ ಜಿಲ್ಲೆಯ ಗೆಜೆಟಿಯರ್‌ನಲ್ಲಿ ಈ ಘಟ್ಟಗಳ ವಿವರವಿದೆ. ಯಾವುದು ಕಾಲಾಳಿಗೆ ಮಾತ್ರ, ಯಾವುದು ಹೇರೆತ್ತಿಗೂ ಆಗುತ್ತದೆ ಎಂಬಂಥ ಮಾಹಿತಿಯನ್ನು ಅದು ಕೊಡುತ್ತದೆ. ತೆರಿಗೆ ಮತ್ತು ಸೈನ್ಯದ ಅಗತ್ಯಕ್ಕಾಗಿ ಮಾಡಿದ ಕೆಲಸವೇ ಇರಬಹುದು. ಆದರೂ ದಾರಿಯ ಸ್ಥಿತಿ ಸರಕಾರ ತಿಳಿದಿರಬೇಕಾದ ಸಂಗತಿ ಎಂಬ ಅರಿವು ಅದರಲ್ಲಿದೆ. ಇಂದು ಮಳೆಗಾಲ ಬಂದಾಗ ಹೊರಡುವ ಆದೇಶಗಳಲ್ಲಿ ಸ್ಥಳಗಳ ಹೆಸರಿರುತ್ತದೆ, ನಿಷೇಧದ ಅವಧಿ ಇರುತ್ತದೆ. ದಾರಿ ಎಲ್ಲಿ ಕುಸಿದಿದೆ, ಯಾವ ಏಣಿ ತುಕ್ಕು ಹಿಡಿದಿದೆ, ಬದಲಿ ದಾರಿ ಯಾವುದು ಎಂಬ ವಿವರ ಅಪರೂಪ.

ಇಂದಿನ ಸ್ಥಿತಿ

ಒಂದೇ ಗುರಿಗೆ ಹಲವು ದಾರಿಗಳಿರುವುದು ಈ ಸೀಮೆಯ ವೈಶಿಷ್ಟ್ಯ. ಸ್ಥಿತಿಯ ಮಾಹಿತಿ ಏಕೆ ಮುಖ್ಯ ಎಂಬುದು ಗೊತ್ತಾಗುವುದೂ ಇಲ್ಲೇ. ಖಾಂಡಸ್‌ನಿಂದ ಭೀಮಾಶಂಕರಕ್ಕೆ ಎರಡು ದಾರಿಗಳಿವೆ. ಗಣೇಶ ಘಾಟ್ ಸುತ್ತುಬಳಸಿನದು, ಸಮಯ ಹೆಚ್ಚು, ಏರು ನಿಧಾನ. ಶಿಡೀ ಘಾಟ್ ಹತ್ತಿರದ್ದು, ಆದರೆ ಬಂಡೆ ಕಡಿದುಹೋದ ಕಡೆ ಕಬ್ಬಿಣದ ಏಣಿಗಳನ್ನೇ ನಂಬಬೇಕು. ಪಾಚಿ ಕಟ್ಟಿದ ಕಲ್ಲಿನ ಮೇಲೆ ನೀರು ಹರಿಯುವಾಗ ಅದು ಅನುಭವಿಗಳಿಗೂ ಕಷ್ಟ. ಶ್ರಾವಣದಲ್ಲಿ ಜ್ಯೋತಿರ್ಲಿಂಗದ ದರ್ಶನಕ್ಕೆಂದು ನಡೆದು ಹೋಗುವವನು ಎರಡರಲ್ಲಿ ಯಾವುದನ್ನು ಆರಿಸಬೇಕು ಎಂಬುದು ಆ ವರ್ಷದ ಏಣಿಯ ಸ್ಥಿತಿಯ ಮೇಲಿದೆ. ಹರಿಶ್ಚಂದ್ರಗಡಕ್ಕೆ ಪಾಚನಯಿಯಿಂದ ಸುಲಭದ ದಾರಿ, ಖಿರೇಶ್ವರದಿಂದ ತೋಲಾರ ಖಿಂಡದ ಮೇಲಿನ ಉದ್ದದ ದಾರಿ, ಮೇಲೆ ಹೇಳಿದ ನಳೀಚಿ ವಾಟ್ ಇವು ಮೂರೂ ಮೂರು ಬೇರೆ ಬೇರೆ ಯೋಗ್ಯತೆಯನ್ನು ಕೇಳುತ್ತವೆ. 1,646 ಮೀಟರ್ ಎತ್ತರದ ಕಳಸೂಬಾಯಿ ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದರೂ ಏಣಿ, ಕಂಬಿಗಳಿರುವುದರಿಂದ ಸಾಮಾನ್ಯರೂ ಹತ್ತುತ್ತಾರೆ. ಅದಕ್ಕಿಂತ ಎಷ್ಟೋ ಗಿಡ್ಡದಾದ ಕಲಾವಂತಿಣ ದುರ್ಗದ ಬಂಡೆಯಲ್ಲಿ ಕಡೆದ ಮೆಟ್ಟಿಲುಗಳು ಒದ್ದೆಯಾದಾಗ ಹೆಚ್ಚು ಭಯ ಹುಟ್ಟಿಸುತ್ತವೆ. ಎತ್ತರ ನೋಡಿ ಅಪಾಯವನ್ನು ಅಳೆಯಲಾಗದು.

ಮಾಥೇರಾನ್ ಇನ್ನೊಂದು ಪಾಠ ಕಲಿಸುತ್ತದೆ. 1850ರಲ್ಲಿ ಥಾಣೆಯ ಕಲೆಕ್ಟರ್ ಹ್ಯೂ ಮಾಲೆಟ್ ಚೌಕ್ ಊರಿನಿಂದ ವನ್ ಟ್ರೀ ಹಿಲ್ ಪಕ್ಕದ ಕೊರಕಲು ಹಿಡಿದು ಮೇಲೇರಿ ರಾಮಬಾಗ್ ಕಡೆಯಿಂದ ಇಳಿದದ್ದು ಈ ಗಿರಿಧಾಮದ ಆರಂಭ. ಆ ಎರಡೂ ದಾರಿಗಳಲ್ಲಿ ಈಗಲೂ ಚಾರಣಿಗರು ಹತ್ತಿಳಿಯುತ್ತಾರೆ. ಪನ್ವೇಲ್ ಕಡೆಯವರಿಗೆ ಧೋದಾಣಿ ಹಳ್ಳಿಯಿಂದ ಸನ್‌ಸೆಟ್ ಪಾಯಿಂಟ್‌ಗೆ ಏರುವ ದಾರಿಯೂ ಇದೆ. 1907ರಲ್ಲಿ ನೇರಳ್‌ನಿಂದ ಮೇಲಕ್ಕೆ ಕಿರುರೈಲು ಬಂತು. (ಈ ನೇರಳ್ ಕರ್ಜತ್ ಮಾರ್ಗದ ಸ್ಟೇಷನ್, ನವಿಮುಂಬಯಿಯ ನೆರೂಳವಲ್ಲ.) 2005ರ ಜುಲೈ ಮಳೆಗೆ ಕೊಚ್ಚಿಹೋದ ಆ ಹಳಿ 2007ರಲ್ಲಿ ಮತ್ತೆ ಸಿದ್ಧವಾಯಿತು, 2019ರ ಮಳೆಗೆ ಮತ್ತೆ ಕೆಟ್ಟು 2022ರ ಅಕ್ಟೋಬರ್‌ನಲ್ಲಿ ಪೂರ್ತಿ ಮಾರ್ಗ ತೆರೆಯಿತು. ಎಂಜಿನಿಯರುಗಳು, ಗ್ಯಾಂಗ್‌ಮನ್‌ಗಳು, ಬಜೆಟ್ಟು ಎಲ್ಲ ಇರುವ ರೈಲುಹಳಿಗೇ ಈ ಬೆಟ್ಟ ಹೀಗೆ ಮಾಡಿದರೆ, ಹೇಳುವವರು ಕೇಳುವವರಿಲ್ಲದ ಪಕ್ಕದ ಕಾಲುದಾರಿಗಳು ಬದಲಾಗದೆ ಇರುತ್ತವೆ ಎಂದುಕೊಳ್ಳುವುದು ಭ್ರಮೆ. ವ್ಯತ್ಯಾಸ ಇಷ್ಟೇ: ಹಳಿ ಕೆಟ್ಟಾಗ ಎಲ್ಲರಿಗೂ ಗೊತ್ತಾಗುತ್ತದೆ, ಕಾಲುದಾರಿ ಕೆಟ್ಟಾಗ ಅದರ ಮೇಲೆ ಕಾಲಿಟ್ಟವನಿಗಷ್ಟೇ ಗೊತ್ತಾಗುತ್ತದೆ.

ನಿಷೇಧ ಮತ್ತು ಅದರ ಮಿತಿ

2014ರ ಜುಲೈ 30ರಂದು ಅಂಬೇಗಾಂವ್ ತಾಲೂಕಿನ ಮಾಳೀಣ ಹಳ್ಳಿಯ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. 2023ರ ಜುಲೈ 19ರ ರಾತ್ರಿ ಖಾಲಾಪುರ ತಾಲೂಕಿನಲ್ಲಿ ಇರ್ಶಾಲಗಡದ ಬುಡದ ಇರ್ಶಾಲವಾಡಿ ಮಣ್ಣಿನಡಿ ಸೇರಿತು. 27 ಶವಗಳು ಸಿಕ್ಕವು, 50ಕ್ಕೂ ಹೆಚ್ಚು ಮಂದಿ ಪತ್ತೆಯಾಗಲಿಲ್ಲ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಇಂಥ ಘಟನೆಗಳ ಬೆನ್ನಿಗೇ ಜಿಲ್ಲಾಡಳಿತಗಳು ಕೋಟೆ, ಜಲಪಾತ, ಘಟ್ಟಗಳಿಗೆ ಪ್ರವೇಶ ನಿಷೇಧಿಸುತ್ತವೆ. ನೆರೂಳಕ್ಕೆ ಹತ್ತಿರದ ಖಾರ್ಘರ್‌ನ ಪಾಂಡವಕಡಾ ಜಲಪಾತಕ್ಕಂತೂ ಮಳೆಗಾಲದ ನಿಷೇಧ ವಾಡಿಕೆಯಾಗಿಬಿಟ್ಟಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಡಿ ಹೊರಡುತ್ತಿದ್ದ ಇಂಥ ಆದೇಶಗಳಿಗೆ 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮು ಆಧಾರ.

ನಿಷೇಧದಿಂದ ಜೀವ ಉಳಿಯುತ್ತದೆ, ಆದ್ದರಿಂದ ಅದನ್ನು ಟೀಕಿಸುವುದು ಬೇಜವಾಬ್ದಾರಿ ಎಂಬ ವಾದವಿದೆ. ಧುಮ್ಮಿಕ್ಕುವ ಹಳ್ಳದ ಮಟ್ಟಿಗೆ, ಬಿರುಕು ಬಿಟ್ಟ ಇಳಿಜಾರಿನ ಮಟ್ಟಿಗೆ ಈ ವಾದ ನಿಜ. ಅಲ್ಲಿ ಬೇರೆ ಉಪಾಯವಿಲ್ಲ. ಆದರೆ ನಿಷೇಧ ಸುರಕ್ಷಿತ ದಾರಿಯನ್ನೂ ಅಪಾಯದ ದಾರಿಯನ್ನೂ ಒಂದೇ ಸಾಲಿನಲ್ಲಿ ಸೇರಿಸಿದಾಗ ಜನರಿಗೆ ಅದರಿಂದ ಕಲಿಯುವುದೇನೂ ಇರುವುದಿಲ್ಲ. ಅವರು ಪೊಲೀಸರಿಲ್ಲದ ಕಡೆಯಿಂದ, ಅಂದರೆ ಹೆಚ್ಚು ಹಾಳಾದ ದಾರಿಯಿಂದ ನುಸುಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಇರ್ಶಾಲವಾಡಿಯಲ್ಲಿ ಮಡಿದವರು ಚಾರಣಿಗರಲ್ಲ, ಆ ಊರಿನ ಠಾಕರ್ ಆದಿವಾಸಿಗಳು. ಅಲ್ಲಿಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಮಣ್ಣು ತೆಗೆಯುವ ಯಂತ್ರಗಳು ಏರಲಾಗಲಿಲ್ಲ. ರಕ್ಷಣಾ ದಳದವರು ಮಳೆಯಲ್ಲಿ ಅದೇ ಕಾಲುದಾರಿಯನ್ನು ಹತ್ತಬೇಕಾಯಿತು. ನವಿಮುಂಬಯಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹತ್ತುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ನಗರದವರಿಗೆ ಭಾನುವಾರದ ವಿಹಾರವಾಗಿರುವ ದಾರಿ ಮಾಚಿಯ ಮೇಲಿನ ಮನೆಗಳಿಗೆ ಆಸ್ಪತ್ರೆಯ, ಶಾಲೆಯ, ರೇಷನ್ನಿನ ದಾರಿ. ಅದನ್ನು ಮುಚ್ಚಲು ಬರುವುದಿಲ್ಲ, ನೋಡಿಕೊಳ್ಳಲು ಮಾತ್ರ ಬರುತ್ತದೆ.

ಮಳೆಯಲ್ಲಿ ನಡೆಯುವುದೇ ತಪ್ಪು ಎನ್ನುವವರಿಗೆ ಪಂಢರಪುರದ ವಾರಿ ಉತ್ತರ ಕೊಡುತ್ತದೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೊಂದಿಗೆ ಲಕ್ಷಾಂತರ ಜನ ಆಷಾಢದ ಮಳೆಯಲ್ಲೇ ದಿವೆ ಘಾಟ್ ದಾಟಿ ಸುಮಾರು 250 ಕಿಲೋಮೀಟರ್ ನಡೆಯುತ್ತಾರೆ. ಅದು ರಸ್ತೆ, ಇದು ಬಂಡೆ ಎಂಬ ಭೇದ ಒಪ್ಪತಕ್ಕದ್ದೇ. ಆದರೂ ವಾರಿಯನ್ನು ಕಾಯುವುದು ರಸ್ತೆಯ ಡಾಂಬರಲ್ಲ. ಮಾರ್ಗ, ತಂಗುದಾಣ, ನೀರು, ವೈದ್ಯರು ಎಲ್ಲವೂ ಮುಂಚೆಯೇ ಗೊತ್ತಾಗಿರುವ ವ್ಯವಸ್ಥೆ.

ಇತರ ಆಕ್ಷೇಪಗಳು

ಏಣಿ, ಕಂಬಿ, ಮೆಟ್ಟಿಲು ಹಾಕಿದರೆ ಕಾಡಿನ ಸಹಜತೆ ಕೆಡುತ್ತದೆ ಎಂಬುದು ಅನುಭವಿ ಚಾರಣಿಗರ ಆಕ್ಷೇಪ. ಇದರಲ್ಲಿ ಹುರುಳಿದೆ. ಮಾಥೇರಾನ್‌ನ ಕೆಂಪು ಜಂಬಿಟ್ಟಿಗೆ ಮಣ್ಣು ಕೊಚ್ಚಿಹೋಗದಿರಲೆಂದು ದಾರಿಗೆ ಪೇವರ್ ಬ್ಲಾಕ್ ಹಾಸಿದಾಗ ಕುದುರೆಗಳು ಜಾರುತ್ತವೆ ಎಂದು ಕುದುರೆಯವರು ತಕರಾರು ತೆಗೆದರು. ಆ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ಏನೂ ಮಾಡದೆ ಬಿಟ್ಟ ದಾರಿ ಸಹಜವಾಗಿ ಉಳಿಯುವುದೂ ಇಲ್ಲ. ಕೆಸರಾದ ಕಡೆ ಜನ ಪಕ್ಕಕ್ಕೆ ಸರಿದು ಹೊಸ ಜಾಡು ಮಾಡುತ್ತಾರೆ, ಅದು ಕೆಸರಾದಾಗ ಇನ್ನೊಂದು. ಒಂದು ಗೆರೆಯಿದ್ದ ಕಡೆ ನಾಲ್ಕು ಕೊರಕಲುಗಳಾಗಿ ಮಣ್ಣು ಜಾರತೊಡಗುತ್ತದೆ. ಭೀಮಾಶಂಕರದಂಥ ಅಭಯಾರಣ್ಯದಲ್ಲಿ ಈ ಹಾನಿ ದಾರಿಗಷ್ಟೇ ಅಲ್ಲ, ಶೇಕರು ಎಂಬ ಕೆಂದಳಿಲಿನ ಕಾಡಿಗೂ ತಟ್ಟುತ್ತದೆ. ನೀರು ಅಡ್ಡಹಾಯಲು ಸಣ್ಣ ಕಾಲುವೆ, ಸ್ಥಳದ ಕಲ್ಲಿನಿಂದಲೇ ಕಟ್ಟಿದ ಮೆಟ್ಟಿಲು, ಹಳೆ ಜಾಡಿಗೆ ಅಡ್ಡ ಇಟ್ಟ ಮುಳ್ಳು, ಇಷ್ಟು ಸಾಕಾಗುವ ಕಡೆ ಕಾಂಕ್ರೀಟು ಬೇಡ. ನಾಣೇಘಾಟ್‌ನ ಕಲ್ಲುಹಾಸು ಯಾರ ಕಣ್ಣಿಗೂ ಕಾಡಿಗೆ ಕಳಂಕವಾಗಿ ಕಾಣುವುದಿಲ್ಲ.

ಮೊಬೈಲಿನ ಜಿಪಿಎಸ್ ಇರುವಾಗ ಸ್ಥಿತಿಪಟ್ಟಿ ಯಾಕೆ ಎಂದೂ ಕೇಳಬಹುದು. ಜಿಪಿಎಸ್ ಜಾಡು ಯಾರೋ ಒಬ್ಬ ಯಾವತ್ತೋ ನಡೆದ ಗೆರೆ. ಅವನು ದಾರಿ ತಪ್ಪಿದ್ದರೆ ತಪ್ಪೂ ಅದರಲ್ಲಿ ಸೇರಿರುತ್ತದೆ. ಕಳೆದ ಮಳೆಯಲ್ಲಿ ಕುಸಿದದ್ದು ಅದರಲ್ಲಿ ಇರುವುದಿಲ್ಲ. ಕೊರಕಲಿನ ಆಳದಲ್ಲಿ ಉಪಗ್ರಹದ ಸಂಕೇತ ಬಂಡೆಗೆ ತಾಗಿ ಗುರುತು ಹತ್ತಿಪ್ಪತ್ತು ಮೀಟರ್ ಅತ್ತಿತ್ತಾದರೆ ಬಯಲಿನಲ್ಲಿ ಚಿಂತೆಯಿಲ್ಲ, ಕಡಾದ ಅಂಚಿನಲ್ಲಿ ಅದು ಪ್ರಾಣದ ಪ್ರಶ್ನೆ. ಊರವರನ್ನೇ ಕೇಳಿದರಾಯಿತು ಎಂಬ ಉತ್ತರ ಇದಕ್ಕಿಂತ ಒಳ್ಳೆಯದು. ಆದರೆ ಹಳ್ಳಿಯವರು ನಗರಕ್ಕೆ ದುಡಿಯಲು ಇಳಿದಂತೆಲ್ಲ ಆ ತಿಳಿವಳಿಕೆಯೂ ಇಳಿದುಹೋಗುತ್ತಿದೆ. ಅದನ್ನು ಬರೆದಿಡಲು ಇದೂ ಒಂದು ಕಾರಣ.

ಇದಕ್ಕೆಲ್ಲ ಹಣ, ಆಳು ಎಲ್ಲಿಂದ ಎಂಬುದು ಕೊನೆಯ ಆಕ್ಷೇಪ, ಹೆಚ್ಚು ಗಂಭೀರವಾದದ್ದೂ ಹೌದು. ಕರ್ನಾಟಕದ ಅನುಭವ ಇಲ್ಲಿ ಉಪಯುಕ್ತ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದು ಸುದ್ದಿಯಾದ ಮೇಲೆ ರಾಜ್ಯ ಸರಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆನ್‌ಲೈನ್ ಟಿಕೆಟ್ಟು, ದಿನದ ಮಿತಿಗಳೊಂದಿಗೆ ಮತ್ತೆ ತೆರೆಯಿತು. ನಿಲ್ಲಿಸಿ, ನಿಯಮ ಮಾಡಿ, ತೆರೆದದ್ದು ಸರಿಯಾದ ಕ್ರಮ. ಆದರೆ ಟಿಕೆಟ್ಟು ತಲೆ ಎಣಿಸುತ್ತದೆ, ದಾರಿಯನ್ನು ಎಣಿಸುವುದಿಲ್ಲ. ಆ ಹಣದಲ್ಲಿ ಒಂದು ಪಾಲು ಅದೇ ದಾರಿಯ ದುರಸ್ತಿಗೆ ಮತ್ತು ಸ್ಥಿತಿಯ ವರದಿಗೆ ಮೀಸಲಾದಾಗಲೇ ನಿಯಮ ಪೂರ್ಣವಾಗುತ್ತದೆ. ಆಳಿನ ಪ್ರಶ್ನೆಗೆ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ ಅಪಲಾಚಿಯನ್ ಟ್ರೇಲ್ 1937ರಲ್ಲಿ ಪೂರ್ಣಗೊಂಡ, ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿ. ಅಲ್ಲಿ ದಾರಿಯನ್ನು ಸ್ಥಳಾಂತರಿಸುವುದು ನಿತ್ಯದ ಕೆಲಸ, ಆದ್ದರಿಂದ ಅದರ ಅಧಿಕೃತ ಉದ್ದವೇ ವರ್ಷವರ್ಷ ಬದಲಾಗುತ್ತದೆ. ಸ್ವಯಂಸೇವಕ ಸಂಘಗಳು ತುಂಡುತುಂಡಾಗಿ ಅದನ್ನು ಹಂಚಿಕೊಂಡು ನೋಡಿಕೊಳ್ಳುತ್ತವೆ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ನೂರಾರು ಮೈಲಿಯನ್ನು ಕೆಡಿಸಿದಾಗ ಯಾವ ತುಂಡು ಮುಚ್ಚಿದೆ, ಯಾವುದು ತೆರೆದಿದೆ ಎಂದು ಸಾರುತ್ತಾ ಹೋಗಲು ಸಾಧ್ಯವಾದದ್ದು ಈ ಹಂಚಿಕೆಯಿಂದ. ಮಹಾರಾಷ್ಟ್ರದಲ್ಲಿ ಇಂಥದಕ್ಕೆ ಬೇಕಾದ ಅಡಿಪಾಯ ಇಲ್ಲದಿಲ್ಲ: 2021ರ ಸಾಹಸ ಪ್ರವಾಸೋದ್ಯಮ ನೀತಿ ಇದೆ, ಕರೆ ಬಂದರೆ ಬೆಟ್ಟ ಹತ್ತುವ ಸ್ವಯಂಸೇವಕ ರಕ್ಷಣಾ ತಂಡಗಳ ಸಮನ್ವಯ ಕೇಂದ್ರವಿದೆ, ಗಿರ್ಯಾರೋಹಣ ಸಂಘಗಳಿವೆ. ನೀತಿ ಚಾರಣ ನಡೆಸುವವರ ಮೇಲೆ ಕಣ್ಣಿಟ್ಟಿದೆ, ತಂಡಗಳು ಅಪಘಾತದ ನಂತರ ಓಡುತ್ತವೆ. ನಡುವೆ ದಾರಿಯ ಹೊಣೆ ಹೊತ್ತವರು ಯಾರೂ ಇಲ್ಲ.

ಆ ಹೊಣೆ ದೊಡ್ಡ ಯೋಜನೆಯನ್ನೇನೂ ಬೇಡುವುದಿಲ್ಲ. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅರಣ್ಯ ಇಲಾಖೆ, ಬುಡದ ಗ್ರಾಮ ಪಂಚಾಯತಿ ಮತ್ತು ಒಂದು ಚಾರಣ ಸಂಘ ಸೇರಿ ಪ್ರತಿ ಘಟ್ಟವನ್ನು ಹತ್ತಿಳಿದು, ಕುಸಿದ ಜಾಗ, ಏಣಿಯ ಗಟ್ಟಿತನ, ನೀರಿನ ತೊಟ್ಟಿಯ ಸ್ಥಿತಿ, ಬದಲಿ ದಾರಿ ಇವನ್ನು ಒಂದು ಹಾಳೆಯಲ್ಲಿ ಬರೆದು ತಹಸಿಲ್ ಕಚೇರಿಯಲ್ಲೂ ಹಳ್ಳಿಯ ಬಸ್ ನಿಲ್ದಾಣದಲ್ಲೂ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ಹಾಗೆ ಮಾಡಿದಾಗ ಹೊರಡಿಸುವ ನಿಷೇಧಕ್ಕೂ ಕಾರಣ ಸಿಗುತ್ತದೆ, ಕಾರಣವಿರುವ ನಿಷೇಧವನ್ನು ಜನ ಪಾಲಿಸುತ್ತಾರೆ. 1882ರ ಗೆಜೆಟಿಯರ್ ಎತ್ತಿನ ಹೇರಿಗಾಗಿ ಮಾಡಿದ ಪಟ್ಟಿಯನ್ನು ಇಂದಿನ ಆಡಳಿತ ಮನುಷ್ಯರ ಪ್ರಾಣಕ್ಕಾಗಿ ಮಾಡಬೇಕು. ಅಲ್ಲಿಯವರೆಗೆ ಈ ಘಟ್ಟಗಳಿಗೆ ಹೊರಡುವವರು ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳನ್ನು ಆರಿಸಿಕೊಳ್ಳುವುದು, ಆಯಾ ತಾಲೂಕಿನ ಆದೇಶವನ್ನು ನೋಡಿಕೊಂಡು ಹೊರಡುವುದು, ಬುಡದ ಹಳ್ಳಿಯವರೊಬ್ಬರನ್ನು ಸಂಬಳ ಕೊಟ್ಟು ಜೊತೆಗೆ ಕರೆದೊಯ್ಯುವುದು ಕ್ಷೇಮ.